ಬ್ಯಾಸಗಿಯ ಆರು ಶನಿವಾರ

ದವನದ ಹುಣ್ಣಿಮೆಯಾಗಿ ಎಂಟೊಂಬತ್ತು ದಿನ ಕಳೆದ ಮೇಲೆ ಬರುವ ಶನಿವಾರಕ್ಕೆ ನಾನು ಕಾಯುತ್ತೇನೆ. ಅಷ್ಟೊತ್ತಿಗೆ ನಮ್ಮೂರು ಮುಳವಾಡದ ಎರಿ ಹೊಲಗಳಲ್ಲಿ ಬಿಳಿಜೋಳದ ರಾಶಿ ಮುಗಿದಿರುತ್ತದೆ. ಕಣಕಿಯ ಬಣವಿ ಏರಿರುತ್ತದೆ, ಕಡಲೆ ಗೋಧಿ ಮನೆ ಸೇರಿರುತ್ತವೆ. ಕರಿಮಣ್ಣು ಬಾಯಿ ಬಿಟ್ಟುಕೊಂಡು ಮಲಗಿರುತ್ತದೆ. ಕಾರಹುಣ್ಣಿಮೆಯೂ ದೂರ, ಮಿರಗದ ಮಳೆಯೂ ದೂರ. ಹನ್ನೆರಡು ಹೊಡೆಯುವ ಹೊತ್ತಿಗೆ ಓಣಿಯಲ್ಲಿ ನಾಯಿ ಕೂಡ ತಿರುಗುವುದಿಲ್ಲ. ರೊಟ್ಟಿ, ಪುಂಡಿಪಲ್ಯ, ಒಂದು ಚರಿಗೆ ಮಜ್ಜಿಗೆ ಮುಗಿಸಿ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂಡುತ್ತೇನೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ತುಂಡು ನೆಲಕ್ಕೆ ಇಳಿದಿರುತ್ತದೆ. ಅದು ಒಲೆಮನೆಯ ಹೊಸ್ತಿಲಿಂದ ಹೊರಟು ಹರವಿಯ ಬುಡ ಮುಟ್ಟುವವರೆಗೆ ನನಗೆ ಬಿಡುವು. ಆ ಬಿಡುವಿನಲ್ಲಿ ಒಂದು ಸಣ್ಣ ಪುಸ್ತಕದ ಒಂದೇ ಅಧ್ಯಾಯ ಓದುತ್ತೇನೆ. ಮುಂದಿನ ಅಧ್ಯಾಯ ಮುಂದಿನ ಶನಿವಾರಕ್ಕೆ.

ಪುಸ್ತಕದ ಹೆಸರು ‘ಪಿರ್ಕೆ ಆವೋತ್’. ಯೆಹೂದ್ಯರ ನೀತಿಯ ಪುಸ್ತಕ. ಹೆಸರಿನ ಅರ್ಥ ಹಿರಿಯರ ಅಧ್ಯಾಯಗಳು ಅಂತ. ಕ್ರಿ.ಶ. 200ರ ಸುಮಾರಿಗೆ ರಬ್ಬಿ ಯೆಹೂದಾ ಹನಾಸಿ ಒಟ್ಟುಗೂಡಿಸಿದ ‘ಮಿಶ್ನಾ’ ಎಂಬ ದೊಡ್ಡ ಧರ್ಮಸಂಹಿತೆಯ ಒಂದು ಭಾಗ ಇದು. ಉಳಿದ ಭಾಗಗಳಲ್ಲಿ ಹೊಲದ ಪಾಲು, ಹಬ್ಬದ ವಿಧಿ, ಮದುವೆ, ನಷ್ಟಪರಿಹಾರ, ಮಡಿಮೈಲಿಗೆ ಎಂದು ಕಾಯ್ದೆಯ ಮೇಲೆ ಕಾಯ್ದೆ. ಇದೊಂದರಲ್ಲಿ ಮಾತ್ರ ಕಾಯ್ದೆ ಇಲ್ಲ, ಬರೀ ಮಾತು. ಹಿರಿಯರು ಶಿಷ್ಯರಿಗೆ ಹೇಳಿಹೋದ ಮಾತು. ವಸಂತದ ಪಸ್ಕ ಹಬ್ಬದಿಂದ ವಾರಗಳ ಹಬ್ಬದವರೆಗೆ ನಡುವೆ ಆರು ಶನಿವಾರ ಬರುತ್ತವೆ. ಶನಿವಾರ ಅವರ ಸಬ್ಬತ್, ಕೆಲಸ ಬಿಡುವ ದಿನ. ಅಂದು ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ, ಹೊತ್ತು ಮುಳುಗುವುದರೊಳಗೆ ಒಂದೊಂದು ಅಧ್ಯಾಯ ಓದುವುದು ಸಾವಿರ ವರ್ಷಕ್ಕೂ ಹಳೆಯ ರೂಢಿ. ಮೂಲದಲ್ಲಿ ಅಧ್ಯಾಯಗಳು ಐದೇ. ಆರು ಶನಿವಾರಕ್ಕೆ ಒಂದು ಕಡಿಮೆ ಬಿತ್ತೆಂದು ಬೇರೆ ಕಡೆಯಿಂದ ಆರನೆಯದನ್ನು ತಂದು ಜೋಡಿಸಿದರು. ಪುಸ್ತಕಕ್ಕೆ ತಕ್ಕಂತೆ ಕಾಲ ಹೊಂದಿಸಿಕೊಳ್ಳುವುದು ನಾವೆಲ್ಲ ಮಾಡುವ ಕೆಲಸ. ಕಾಲಕ್ಕೆ ತಕ್ಕಂತೆ ಪುಸ್ತಕವನ್ನೇ ಬೆಳೆಸಿದ ಈ ಜನರ ಮೇಲೆ ನನಗೆ ಆಗಲೇ ಪ್ರೀತಿ ಹುಟ್ಟಿತು.

ಅವರ ಪಂಚಾಂಗ ನಮ್ಮದಕ್ಕೆ ಬಹಳ ಹತ್ತಿರದ್ದು. ತಿಂಗಳು ಚಂದ್ರನದು, ವರ್ಷ ಸೂರ್ಯನದು, ಎರಡನ್ನೂ ಹೊಂದಿಸಲು ಹತ್ತೊಂಬತ್ತು ವರ್ಷದಲ್ಲಿ ಏಳು ಅಧಿಕಮಾಸ. ಪಸ್ಕ ಬೀಳುವುದು ಹುಣ್ಣಿಮೆಗೆ. ಬಹುಪಾಲು ವರ್ಷ ಅದು ನಮ್ಮ ದವನದ ಹುಣ್ಣಿಮೆಯೇ. ಹಬ್ಬದ ಎರಡನೆಯ ರಾತ್ರಿಯಿಂದ ನಲವತ್ತೊಂಬತ್ತು ದಿನ ಅವರು ಒಂದೊಂದಾಗಿ ಬಾಯಿಬಿಟ್ಟು ಎಣಿಸುತ್ತಾರೆ. ಎಣಿಕೆ ಶುರುವಾಗುವುದು ಬಾರ್ಲಿಯ ಸುಗ್ಗಿಗೆ, ಮುಗಿಯುವುದು ಗೋಧಿಯ ಸುಗ್ಗಿಗೆ. ಯೆರೂಸಲೇಮಿನ ದೇವಾಲಯವಿದ್ದ ಕಾಲದಲ್ಲಿ ಮೊದಲ ಬಾರ್ಲಿಯ ಹಿಟ್ಟನ್ನು ಹದಿಮೂರು ಸಾಣಿಗೆಗಳಲ್ಲಿ ಸಾಣಿಸಿ ನೈವೇದ್ಯ ಕೊಡುತ್ತಿದ್ದರು. ಹದಿಮೂರು ಸಾಣಿಗೆ ಎಂದು ಓದಿದಾಗ ಮೊದಲ ವರ್ಷ ನನಗೇನೂ ಅನ್ನಿಸಿರಲಿಲ್ಲ. ಆ ಸಾಣಿಗೆಯ ಮಾತಿಗೆ ಆಮೇಲೆ ಬರುತ್ತೇನೆ.

ಪುಸ್ತಕ ನನಗೆ ಸಿಕ್ಕಿದ್ದು ಪುಣೆಯಲ್ಲಿ. ನಮ್ಮ ಕಡೆಯ ಎಷ್ಟೋ ಮನೆಗಳಂತೆ ನಮ್ಮ ಮನೆಯ ಒಂದು ಕಾಲೂ ಪುಣೆಯಲ್ಲಿದೆ, ಮಗಳು ಅಲ್ಲಿರುತ್ತಾಳೆ. ಕ್ಯಾಂಪಿನಲ್ಲಿ ಕೆಂಪು ಇಟ್ಟಿಗೆಯ, ಎತ್ತರದ ಗೋಪುರದ ಒಂದು ಕಟ್ಟಡವಿದೆ. ಡೇವಿಡ್ ಸಸೂನ್ ಕಟ್ಟಿಸಿದ, 1867ರಲ್ಲಿ ಮುಗಿದ ಓಹೆಲ್ ಡೇವಿಡ್ ಎಂಬ ಯೆಹೂದ್ಯ ಪ್ರಾರ್ಥನಾಮಂದಿರ. ಊರವರ ಬಾಯಲ್ಲಿ ಅದು ಲಾಲ್ ದೇವೂಳ. ಅದನ್ನು ಹೊರಗಿನಿಂದ ನೋಡಿಕೊಂಡು ಬರುವಾಗ ಹಳೆಯ ಪುಸ್ತಕದವನ ಹತ್ತಿರ ಈ ಇಂಗ್ಲಿಷ್ ಅನುವಾದ ಕಂಡಿತು. ಕೊಂಕಣದ ಬೆನೆ ಇಸ್ರೇಲ್ ಯೆಹೂದ್ಯರಿಗೆ ಅಲ್ಲಿಯ ಮಂದಿ ಶನಿವಾರ ತೇಲಿ ಅನ್ನುತ್ತಿದ್ದರಂತೆ. ಗಾಣ ಆಡಿಸುವವರು, ಆದರೆ ಶನಿವಾರ ಗಾಣ ನಿಲ್ಲಿಸುವವರು. ಈ ಮಾತು ಕೇಳಿ ನನಗೆ ನೆನಪಾದದ್ದು ನಮ್ಮ ಸೋಮವಾರ. ನಮ್ಮ ಅಪ್ಪ ಬದುಕಿರುವ ತನಕ ಸೋಮವಾರ ಎತ್ತು ಹೂಡಲಿಲ್ಲ. ಅದು ಬಸವಣ್ಣನ ವಾರ. ಬಿತ್ತಿಗೆ ಹದ ತಪ್ಪುತ್ತದೆ ಎಂದು ಯಾರೆಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಯೆಹೂದ್ಯರ ಸಬ್ಬತ್ತಿನ ಆಜ್ಞೆಯೂ ಮನುಷ್ಯನಿಗಷ್ಟೇ ಅಲ್ಲ; ಎತ್ತಿಗೂ ಕತ್ತೆಗೂ ಬಿಡುವು ಕೊಡಬೇಕೆಂದು ಬಿಡಿಸಿ ಹೇಳುತ್ತದೆ. ಎತ್ತಿನ ಹೆಗಲಿಗೆ ವಾರಕ್ಕೊಂದು ದಿನ ಬಿಡುವು ಕೊಟ್ಟವರ ನೀತಿ ಓದಲು ನನಗೆ ಬೇರೆ ಪೀಠಿಕೆ ಬೇಕಾಗಲಿಲ್ಲ.

ಮೊದಲ ಅಧ್ಯಾಯ ಹೆಸರುಗಳ ಒಂದು ಸರಪಳಿ. ಸೀನಾಯಿ ಬೆಟ್ಟದಲ್ಲಿ ಮೋಶೆ ಪಡೆದದ್ದು ಯೆಹೋಶುವನಿಗೆ ಬಂತು, ಅವನಿಂದ ಹಿರಿಯರಿಗೆ, ಹಿರಿಯರಿಂದ ಪ್ರವಾದಿಗಳಿಗೆ, ಹೀಗೆ ಕೈಯಿಂದ ಕೈಗೆ. ಆಮೇಲೆ ಜೋಡಿ ಜೋಡಿಯಾಗಿ ಗುರುಗಳು ಬರುತ್ತಾರೆ. ಪ್ರತಿಯೊಬ್ಬರೂ ಒಂದೆರಡು ಮಾತು ಹೇಳಿ ಸರಿದುಕೊಳ್ಳುತ್ತಾರೆ. ಇಡೀ ಬದುಕು ಕಲಿತು ಕಲಿಸಿದವನ ಪಾಲಿಗೆ ಉಳಿದದ್ದು ಎರಡೇ ವಾಕ್ಯ! ಮೊದಲು ಓದಿದಾಗ ಇದು ಜಿಪುಣತನ ಅನ್ನಿಸಿತು. ಈಗ ಹಾಗಲ್ಲ. ಕಬ್ಬಿನಹಾಲು ಕುದಿಸಿ ಕುದಿಸಿ ಕಡೆಗೆ ಕೊಪ್ಪರಿಗೆಯ ತಳದಲ್ಲಿ ನಿಲ್ಲುವುದೇ ಬೆಲ್ಲ. ಅಲ್ಲಿ ಹಿಲ್ಲೇಲ್ ಎಂಬ ಗುರು ಮೂರು ಪ್ರಶ್ನೆ ಕೇಳುತ್ತಾನೆ. ಒಂದು ತನ್ನ ಹೊಣೆ ತಾನು ಹೊರುವ ಬಗ್ಗೆ, ಒಂದು ಬರೀ ತನಗಾಗಿಯೇ ಬದುಕುವ ಬಗ್ಗೆ, ಕಡೆಯದು ನಾಳೆ ಎಂದು ಮುಂದೂಡುವ ಬಗ್ಗೆ. ಮೂರಕ್ಕೂ ಉತ್ತರ ಕೊಡುವುದಿಲ್ಲ. ಮೊದಲನೆಯದನ್ನು ಹಿಡಿದು ಗಟ್ಟಿಯಾಗಿ ನಿಂತೆ ಅನ್ನುವಷ್ಟರಲ್ಲಿ ಎರಡನೆಯದು ಬಂದು ಅಲುಗಿಸುತ್ತದೆ. ಎರಡನ್ನೂ ತೂಗುತ್ತ ಕೂತರೆ ಮೂರನೆಯದು ಎಬ್ಬಿಸುತ್ತದೆ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಚಲನೆ ನಾನು ಬೇರೆಲ್ಲೂ ಕಂಡದ್ದು ವಚನಗಳಲ್ಲಿ ಮಾತ್ರ.

ಅದೇ ಮೊದಲ ಅಧ್ಯಾಯದಲ್ಲಿ ಒಂದು ಮುಳ್ಳೂ ಇದೆ. ಯೆರೂಸಲೇಮಿನ ಯೋಸೆ ಎಂಬ ಹಿರಿಯ, ಮನೆಯ ಬಾಗಿಲು ಅಗಲವಾಗಿ ತೆರೆದಿರಲಿ, ಬಡವರು ಮನೆಯವರಂತೆ ಓಡಾಡಲಿ ಎಂದು ಹೇಳಿದ ಬಾಯಲ್ಲೇ ಹೆಂಗಸರ ಜೊತೆ ಹೆಚ್ಚು ಮಾತು ಬೇಡ ಅನ್ನುತ್ತಾನೆ. ಇಡೀ ಪುಸ್ತಕದಲ್ಲಿ ಮಾತು ಹೇಳಿದ ಹೆಣ್ಣಿನ ಹೆಸರು ಒಂದೂ ಇಲ್ಲ. ಅಕ್ಕಮಹಾದೇವಿ, ಮುಕ್ತಾಯಕ್ಕ, ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮ ಎಂದು ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರನ್ನು ಎಣಿಸಿಕೊಂಡು ಬೆಳೆದ ನನಗೆ ಇದು ಪ್ರತಿ ವರ್ಷವೂ ಚುಚ್ಚುತ್ತದೆ. ಬಡವನಿಗೆ ತೆರೆದ ಬಾಗಿಲು ಮನೆಯೊಳಗಿನವಳಿಗೆ ಯಾಕೆ ಮುಚ್ಚಿತು? ಈ ಕೊರತೆಯನ್ನು ಮುಚ್ಚಿಟ್ಟು ಪುಸ್ತಕವನ್ನು ಹೊಗಳಲಾರೆ.

ಎರಡನೆಯ ಅಧ್ಯಾಯದ ಆಸುಪಾಸಿನಲ್ಲೇ ಅಕ್ಷಯ ತದಿಗೆ ಬರುತ್ತದೆ, ಅಂದರೆ ಬಸವ ಜಯಂತಿ. ಬಸವನ ಬಾಗೇವಾಡಿಯ ದಾರಿ ಅಂದು ತುಂಬಿರುತ್ತದೆ. ಎತ್ತಿನ ಕೋಡಿಗೆ ಬಣ್ಣ, ಮೈಮೇಲೆ ಜೂಲ. ಇಂಗಳೇಶ್ವರದಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ ಮಂಟಪವಿದೆ. ಆ ದಿನಗಳಲ್ಲಿ ಒಂದು ಮುಂಜಾನೆ ಹೋಗಿ, ಕಲ್ಲು ಕಾಯುವ ಮೊದಲು ನಾಲ್ಕಾರು ಓದಿಕೊಂಡು ಬರುತ್ತೇನೆ. ಆ ವಾರದ ಅಧ್ಯಾಯದಲ್ಲಿ ನನಗೆ ಬಲು ಇಷ್ಟದ ಒಂದು ಜಾಗ ಬರುತ್ತದೆ. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಸುಟ್ಟ ಮೇಲೆ, ಯಾವ್ನೆ ಎಂಬ ಊರಿನಲ್ಲಿ ಪಾಠಶಾಲೆ ಕಟ್ಟಿ ವಿದ್ಯೆ ಉಳಿಸಿದ ಗುರು ಯೋಹಾನಾನ್ ಬೆನ್ ಜಕ್ಕಾಯಿ. ಅವನಿಗೆ ಐವರು ಶಿಷ್ಯರು. ಒಬ್ಬೊಬ್ಬರನ್ನೂ ಒಂದೊಂದು ಮಾತಿನಲ್ಲಿ ಮೆಚ್ಚುತ್ತಾನೆ. ಎಲಿಯೇಜರ್ ಎಂಬ ಶಿಷ್ಯ ಗಚ್ಚು ಹಾಕಿದ ತೊಟ್ಟಿಯಂತೆ, ಒಂದು ಹನಿಯನ್ನೂ ಸೋರಗೊಡದವನು. ಎಲಾಜಾರ್ ಬೆನ್ ಅರಾಖ್ ಎಂಬವನು ಉಕ್ಕುತ್ತಲೇ ಹೋಗುವ ಒರತೆಯಂತೆ. ಇಬ್ಬರಲ್ಲಿ ಯಾರು ಹೆಚ್ಚು? ತಕ್ಕಡಿಯಲ್ಲಿ ತೂಗಿದರೆ ತೊಟ್ಟಿಯೇ ಭಾರ ಎಂದು ಗುರು ಅಂದನೆಂದು ಒಂದು ಪಾಠ. ಇಲ್ಲ, ಒರತೆಯೇ ಭಾರ ಅಂದನೆಂದು ಇನ್ನೊಂದು. ಪುಸ್ತಕ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಸುಮ್ಮನಾಗುತ್ತದೆ.

ಈ ತೂಕ ಹಾಕುವ ಕಷ್ಟ ಎಂಥದ್ದೆಂದು ನೀರಿಲ್ಲದ ಸೀಮೆಯವನಿಗೆ ತಿಳಿಯುತ್ತದೆ. ನಮ್ಮ ವಿಜಯಪುರದಲ್ಲಿ ಎರಡೂ ಬೇಕಾಗಿದ್ದವು. ಡೋಣಿ ಹೊಳೆಯ ನೀರು ಸವಳು. ಬಾವಿ ತೋಡಿದರೆ ಸೆಲೆ ಸಿಗುವುದು ಪುಣ್ಯ. ಸಿಕ್ಕ ನೀರು ನಿಲ್ಲಿಸಲು ಆದಿಲಶಾಹಿಗಳು ಗಚ್ಚಿನ ಹೊಂಡ, ಕಾರಂಜಿ, ನೀರಿನ ಗೋಪುರ ಕಟ್ಟಿದರು. 1620ರ ತಾಜ್ ಬಾವಡಿಯ ಮೆಟ್ಟಿಲ ಮೇಲೆ ನಿಂತರೆ ತೊಟ್ಟಿಯ ಹೆಚ್ಚುಗಾರಿಕೆ ಯಾರೂ ಹೇಳಿಕೊಡಬೇಕಿಲ್ಲ. ಈಗ ಆಲಮಟ್ಟಿಯ ಹಿನ್ನೀರನ್ನು ಮೇಲೆತ್ತಿ ಕೆರೆ ತುಂಬಿಸುವ ಏತ ನೀರಾವರಿಗೆ ನಮ್ಮೂರಿನದೇ ಹೆಸರು. ಸಣ್ಣವನಿದ್ದಾಗ ಹಳ್ಳದ ಉಸುಕಿನಲ್ಲಿ ಅವ್ವ ಒರತಿ ತೋಡುವುದನ್ನು ನೋಡುತ್ತ ಕೂಡುತ್ತಿದ್ದೆ. ಮೊಣಕೈವರೆಗೆ ತೋಡಿದ ಮೇಲೆ ಉಸುಕಿನ ಬಣ್ಣ ಗಾಢವಾಗುತ್ತಿತ್ತು. ಆಮೇಲೆ ತಳದಲ್ಲಿ ಒಂದು ಹೊಳಪು. ಪರಟೆಯಿಂದ ಮೊಗೆದಷ್ಟೂ ಅಷ್ಟೇ ನೀರು ಮತ್ತೆ ಬಂದು ನಿಲ್ಲುತ್ತಿತ್ತು. ಮೊಗೆಯದೆ ಬಿಟ್ಟರೆ ಉಸುಕು ಜಾರಿ ಮುಚ್ಚಿಕೊಳ್ಳುತ್ತಿತ್ತು.

ಈ ಎರಡು ಹೋಲಿಕೆಯನ್ನು ಹಿಡಿದು ನನ್ನ ಜಿಲ್ಲೆಯ ಇಬ್ಬರನ್ನು ನೆನೆಯುವುದು ನನಗೆ ಆ ವಾರದ ಸುಖ. ಫ. ಗು. ಹಳಕಟ್ಟಿಯವರು ತೊಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, 1904ರಲ್ಲಿ ವಕೀಲರಾಗಿ ವಿಜಯಪುರಕ್ಕೆ ಬಂದವರು. ಜಗಲಿಯ ಮೇಲೆ ಪೂಜೆಗೊಳ್ಳುತ್ತ, ಹುಳಕ್ಕೂ ಧೂಳಿಗೂ ಈಡಾಗಿದ್ದ ತಾಡೋಲೆಗಳನ್ನು ಊರೂರು ತಿರುಗಿ ಕೂಡಿಹಾಕಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. ಅಚ್ಚುಕೂಟ ತಮ್ಮದೇ ಇರಬೇಕೆಂದು ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ತೆಗೆದರು. 1964ರಲ್ಲಿ ಕಣ್ಣು ಮುಚ್ಚುವವರೆಗೆ ಒಂದು ಹನಿ ಸೋರಗೊಡಲಿಲ್ಲ. ಒರತೆ ಎಂದರೆ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಒಂದು ಊರಿನಲ್ಲಿ ತಿಂಗಳು ಪ್ರವಚನ, ಆಮೇಲೆ ಮುಂದಿನ ಊರು. ಕಿಸೆಯಿಲ್ಲದ ಬಿಳಿ ಅಂಗಿ. ಮುಂಜಾನೆ ಹೇಳಿದ ಹೊತ್ತಿಗೆ ಸರಿಯಾಗಿ ಶುರು, ಸರಿಯಾಗಿ ಮುಕ್ತಾಯ. ಸಾವಿರಾರು ಮಂದಿ ಕೂತಿದ್ದರೂ ಎದುರಿಗೆ ಕೂತ ಒಬ್ಬನಿಗೇ ಹೇಳುತ್ತಿದ್ದಾರೇನೋ ಅನ್ನುವಷ್ಟು ಮೆಲ್ಲನೆಯ ದನಿ. ಗುಬ್ಬಿಯ ಮಾತಾಡುತ್ತ ಉಪನಿಷತ್ತಿಗೆ ಹೋಗಿ, ಅಲ್ಲಿಂದ ಜೋಳದ ತೆನೆಗೆ ಇಳಿಯುತ್ತಿದ್ದರು. ನೋಡಿಕೊಳ್ಳಲು ಎದುರಿಗೆ ಚೀಟಿಯೂ ಇರುತ್ತಿರಲಿಲ್ಲ. 2023ರ ಜನವರಿ 2ರಂದು ಹೋದರು. ಸ್ಮಾರಕ ಬೇಡವೆಂದು ಮೊದಲೇ ಬರೆದಿಟ್ಟಿದ್ದರು. ತಕ್ಕಡಿ ಹಿಡಿಯುವುದು ನನ್ನಿಂದ ಆಗದ ಮಾತು. ಆದರೆ ಎಲಾಜಾರನ ಬಗ್ಗೆ ಯೆಹೂದ್ಯರಲ್ಲಿ ಒಂದು ಕಥೆಯಿದೆ. ಗುರು ತೀರಿದ ಮೇಲೆ ಉಳಿದವರನ್ನು ಬಿಟ್ಟು, ನೀರು ಸವಿಯಾಗಿರುವ ಒಂದು ಸುಖದ ಊರಿಗೆ ಹೋಗಿ ನೆಲೆಸಿದನಂತೆ. ಅಲ್ಲಿ ಕಲಿತದ್ದೆಲ್ಲ ಮರೆಯಿತಂತೆ. ಅದನ್ನು ಓದಿದಾಗಲೆಲ್ಲ ಹಳ್ಳದ ಒರತಿ ಕಣ್ಣಿಗೆ ಕಟ್ಟುತ್ತದೆ. ಸ್ವಾಮೀಜಿ ಊರಿಂದ ಊರಿಗೆ ಯಾಕೆ ನಡೆಯುತ್ತಲೇ ಇದ್ದರೆಂಬುದೂ ಅಲ್ಲೇ ಹೊಳೆಯುತ್ತದೆ.

ಮೂರನೆಯ ಅಧ್ಯಾಯ ನನಗೆ ಅಷ್ಟಾಗಿ ಹತ್ತಿರವಾಗಿಲ್ಲ. ಹುಟ್ಟು, ಸಾವು, ಲೆಕ್ಕ ಒಪ್ಪಿಸುವ ದಿನ ಎಂದು ಅದರ ದನಿ ಗದರಿಕೆಯದು. ಒಂದು ಮರ ಮಾತ್ರ ನಿಲ್ಲುತ್ತದೆ. ನಡತೆಗಿಂತ ಅರಿವು ಹೆಚ್ಚಾದವನು ಕೊಂಬೆ ಬಹಳವಾಗಿ ಬೇರು ಕಡಿಮೆಯಾದ ಮರದಂತೆ ಎಂದು ಎಲಾಜಾರ್ ಬೆನ್ ಅಜರ್ಯ ಹೇಳುತ್ತಾನೆ. ವೈಶಾಖದಲ್ಲಿ ಮಧ್ಯಾಹ್ನ ಮೂರಕ್ಕೆ ಎದ್ದು ಬರುವ ಕೆಂಪು ಗಾಳಿಯಲ್ಲಿ ಬೇವಿನ ಗಿಡ ತಲೆ ಹೊಯ್ದಾಡುವಾಗ ಅದನ್ನು ಓದಬೇಕು. ನುಡಿಗೂ ನಡೆಗೂ ನಡುವಿನ ಬಿರುಕನ್ನೇ ಇಡೀ ಬದುಕು ದಿಟ್ಟಿಸಿ ನೋಡಿದ ಬಸವಣ್ಣನವರ ಊರು ಇಲ್ಲಿಂದ ದೂರವಿಲ್ಲ.

ನಾಲ್ಕನೆಯದರಲ್ಲಿ ಚಪ್ಪಲಿ ಹೊಲಿಯುವ ಯೋಹಾನಾನ್ ಎಂಬ ಗುರು ಬರುತ್ತಾನೆ. ಹೆಸರಿಗೇ ಕಾಯಕ ಅಂಟಿಕೊಂಡಿದೆ, ನಮ್ಮ ನುಲಿಯ ಚಂದಯ್ಯ, ಗಾಣದ ಕಣ್ಣಪ್ಪನವರ ಹಾಗೆ. ಅದರಲ್ಲೇ ಎಲೀಷ ಬೆನ್ ಅವೂಯ ಎಂಬವನ ಮಾತೂ ಇದೆ. ಎಳೆಯ ವಯಸ್ಸಿನ ಕಲಿಕೆ ಹೊಸ ಹಾಳೆಯ ಮೇಲಿನ ಮಸಿ, ಮುಪ್ಪಿನದು ಉಜ್ಜಿ ಅಳಿಸಿದ ಹಾಳೆಯ ಮೇಲಿನದು ಎಂಬುದು ಅವನ ಅಭಿಪ್ರಾಯ. ನಿವೃತ್ತನಾದ ಮೇಲೆ ಈ ಪುಸ್ತಕ ಹಿಡಿದ ನನಗೆ ಅದು ನಾಟದೆ ಇರುತ್ತದೆಯೇ? ನಮ್ಮ ಪಾಟಿಯನ್ನು ಎಂಜಲು ಹಚ್ಚಿ ಅಳಿಸಿದಾಗ ಹಿಂದಿನ ಅಕ್ಷರ ಮಸುಕಾಗಿ ಉಳಿಯುತ್ತಿತ್ತು. ಹೊಸದನ್ನು ಅದರ ಮೇಲೇ ಬರೆಯಬೇಕಿತ್ತು. ನನ್ನ ಮಟ್ಟಿಗೆ ಹಾಗೆ ಮಸುಕಾಗಿ ಉಳಿದಿರುವುದು ವಚನ, ಮೇಲೆ ಬರೆದದ್ದು ಆವೋತ್. ಎರಡೂ ಒಟ್ಟಿಗೆ ಕಾಣುತ್ತವೆ, ಮತ್ತು ಹಾಗೆ ಕಾಣುವುದರಲ್ಲೇ ಸವಿ ಇದೆ. ಇನ್ನೊಂದು ಮಾತು. ಈ ಎಲೀಷ ಮುಂದೆ ನಂಬಿಕೆ ಬಿಟ್ಟು ಹೊರಗಾದವನು. ಅವನ ಹೆಸರನ್ನು ಎತ್ತದೆ ‘ಆ ಇನ್ನೊಬ್ಬ’ ಅನ್ನುತ್ತಿದ್ದರಂತೆ. ಆದರೂ ಆವೋತ್‌ನಲ್ಲಿ ಅವನ ಮಾತು ಉಳಿದಿದೆ, ಅವನ ಹೆಸರಿನಲ್ಲೇ ಉಳಿದಿದೆ. ಈ ದೊಡ್ಡತನಕ್ಕೆ ನಾನು ಪ್ರತಿ ವರ್ಷ ತಲೆಬಾಗುತ್ತೇನೆ.

ಈ ಪುಸ್ತಕದ ಓದೂ ಕಲ್ಯಾಣದ ಮಾತುಗಳೂ ಒಂದೇ ಕಾಲದಲ್ಲಿ ಒಂದೇ ಗಾಳಿಯಲ್ಲಿ ಇದ್ದವು ಎಂಬುದು ನನ್ನನ್ನು ಬಹಳ ದಿನ ಕಾಡಿತು. ಬಸವಣ್ಣನವರ ಕಲ್ಯಾಣ ಚದುರಿದ್ದು 1160ರ ದಶಕದ ಕೊನೆಗೆ. ಆವೋತ್‌ಗೆ ಎಂಟು ಅಧ್ಯಾಯಗಳ ಹೆಸರಾಂತ ಪೀಠಿಕೆ ಬರೆದ ಮೈಮೊನಿಡೀಸ್ ತನ್ನ ಮಿಶ್ನಾ ವ್ಯಾಖ್ಯಾನ ಮುಗಿಸಿದ್ದು 1168ರಲ್ಲಿ, ಈಜಿಪ್ಟಿನಲ್ಲಿ. ಸ್ಪೇನಿನ ಕೊರ್ಡೋಬಾ ಬಿಟ್ಟು ದೇಶಾಂತರ ಅಲೆಯುತ್ತ, ಕೆಲವು ಭಾಗವನ್ನು ಹಡಗಿನಲ್ಲೇ ಕೂತು ಬರೆದಿದ್ದ. ಅದಕ್ಕೂ ಸ್ವಲ್ಪ ಮೊದಲು, 1132ರಿಂದ 1149ರವರೆಗೆ, ಟ್ಯುನೀಸಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವ್ಯಾಪಾರಿ ನಮ್ಮ ಮಂಗಳೂರಿನಲ್ಲಿದ್ದ. ಮೆಣಸು, ಅಡಿಕೆ, ಕಬ್ಬಿಣದ ವ್ಯವಹಾರ, ಕಂಚಿನ ಪಾತ್ರೆಯ ಕಾರ್ಖಾನೆ. ಅಶು ಎಂಬ ಇಲ್ಲಿಯ ಹೆಣ್ಣನ್ನು ಕಟ್ಟಿಕೊಂಡ, ಬೊಮ್ಮ ಎಂಬವನು ಅವನ ವ್ಯವಹಾರದ ಆಳು. ಅವನ ಕಾಗದಪತ್ರಗಳು ಕೈರೋದ ಹಳೆಯ ಪ್ರಾರ್ಥನಾಮಂದಿರದ ಗೂಡಿನಲ್ಲಿ ಏಳುನೂರು ವರ್ಷಕ್ಕೂ ಹೆಚ್ಚು ಕಾಲ ಉಳಿದ ಕಥೆಯನ್ನು ಅಮಿತಾವ್ ಘೋಷ್ ಬರೆದಿದ್ದಾರೆ. ಏಡನ್ನಿನಿಂದ ಕಾಗದ ತರಿಸಿಕೊಂಡು, ಬಂದ ಪತ್ರಗಳ ಬೆನ್ನ ಮೇಲೂ ಪದ್ಯ, ಧರ್ಮಜಿಜ್ಞಾಸೆ ಬರೆಯುತ್ತಿದ್ದ ಮನುಷ್ಯ. ಅವನು ಪಸ್ಕ ಮುಗಿದ ಶನಿವಾರಗಳಲ್ಲಿ, ಬೆವರು ಸುರಿಯುವ ಕಡಲತಡಿಯ ಮಧ್ಯಾಹ್ನದಲ್ಲಿ, ಈ ಅಧ್ಯಾಯಗಳನ್ನು ತುಟಿಯಲ್ಲಾಡಿಸಿ ಓದುತ್ತಿರುವಂತೆ ನಾನು ಕಲ್ಪಿಸಿಕೊಳ್ಳುತ್ತೇನೆ. ಘಟ್ಟದ ಮೇಲೆ ಅದೇ ವರ್ಷಗಳಲ್ಲಿ ಬಸವಣ್ಣ ಎಂಬ ಹುಡುಗ ಕೂಡಲಸಂಗಮದಲ್ಲಿ ಓದುತ್ತಿದ್ದಿರಬೇಕು.

ಇನ್ನು ಸಾಣಿಗೆ. ಐದನೆಯ ಅಧ್ಯಾಯದಲ್ಲಿ ಗುರುಗಳ ಮುಂದೆ ಕೂತು ಕೇಳುವವರಲ್ಲಿ ನಾಲ್ಕು ತರಹ ಎಂದು ಬರುತ್ತದೆ. ಸ್ಪಂಜಿನಂಥವನು ಎಲ್ಲವನ್ನೂ ಹೀರುತ್ತಾನೆ. ಲಾಳಿಕೆಯಂಥವನಿಗೆ ಈ ಕಡೆ ಹಾಕಿದ್ದು ಆ ಕಡೆ. ಸೋಸುವ ಅರಿವೆಯಂಥವನು ದ್ರಾಕ್ಷಾರಸ ಬಿಟ್ಟು ಗಸಿ ಇಟ್ಟುಕೊಳ್ಳುತ್ತಾನೆ. ನಾಲ್ಕನೆಯವನು, ಎಲ್ಲರಿಗಿಂತ ಮೇಲಾದವನು, ಸಾಣಿಗೆಯಂಥವನು. ಹಿಟ್ಟು ಕೆಳಗೆ ಬಿಟ್ಟು ಒಳ್ಳೆಯದನ್ನು ತನ್ನಲ್ಲಿ ಉಳಿಸಿಕೊಳ್ಳುತ್ತಾನೆ. ಇಲ್ಲಿ ನಾನು ಎರಡು ಬೇಸಿಗೆ ತಡವರಿಸಿದೆ. ಸಾಣಿಗೆ ಹಾಗೆ ಮಾಡುವುದಿಲ್ಲವಲ್ಲ? ಒಳ್ಳೆಯ ಹಿಟ್ಟು ಕೆಳಗೆ ಬೀಳುತ್ತದೆ, ಮೇಲೆ ನಿಲ್ಲುವುದು ತೌಡು, ಕಸ. ಮೇಲೆ ನಿಂತದ್ದನ್ನು ಚೆಲ್ಲುತ್ತೇವೆ. ಹೋಲಿಕೆಯೇ ತಿರುಗುಮುರುಗಾಗಿದೆ ಅನ್ನಿಸಿತು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಪ್ರಶ್ನೆಯ ಗುರುತು ಹಾಕಿ ಬಿಟ್ಟಿದ್ದೆ.

ಮೂರನೆಯ ಬೇಸಿಗೆ, ಐದನೆಯ ಶನಿವಾರ, ಮಾರನೇ ದಿನ ಬೀಗರು ಬರುವವರಿದ್ದರು. ಅವ್ವ ಸಜ್ಜಕದ ತಯಾರಿಗೆ ಕೂತಿದ್ದಳು. ಎಂಬತ್ತು ದಾಟಿದ ಕೈ. ಗೋಧಿಗೆ ಹಿಂದಿನ ದಿನವೇ ನೀರು ಚಿಮುಕಿಸಿ, ಹಸಿ ಅರಿವೆಯಲ್ಲಿ ಕಟ್ಟಿಟ್ಟು, ಗಿರಣಿಯಲ್ಲಿ ಒಡೆಸಿ ತರಿಸಿದ್ದಳು. ಮುಂದೆ ಹಳೆಯ ಧೋತರ ಹಾಸಿ, ಅದರ ಮೇಲೆ ಸಾಣಿಗೆ ಹಿಡಿದು, ಎಡಗೈ ಅಂಚಿನಲ್ಲಿ, ಬಲಗೈಯ ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದಳು. ಟಪ್, ಟಪ್, ನಡುವೆ ಒಂದು ಸುತ್ತು. ಬೆಳಕಿಂಡಿಯ ಬಿಸಿಲಿನಲ್ಲಿ ಹಿಟ್ಟು ಮಂಜಿನಂತೆ ಇಳಿದು ಧೋತರದ ಮೇಲೆ ಕೂಡುತ್ತಿತ್ತು. ಸಾಣಿಗೆಯಲ್ಲಿ ಉಳಿದದ್ದು ಮೊದಲು ಕೆನೆಬಣ್ಣದ ಗುಂಪು, ಆಮೇಲೆ ಕಾಳು ಕಾಳಾಗಿ ಬಿಡಿಸಿಕೊಂಡು, ಉಸುಕಿನಂತೆ ಸರ್ರನೆ ಜಾರಾಡುವ ರವೆ. ನಡುವೆ ಹೊಟ್ಟು ಮೇಲೆದ್ದು ಒಂದು ಕಡೆ ಸೇರುತ್ತಿತ್ತು. ಅದನ್ನು ಮರದಲ್ಲಿ ಹಾಕಿ ಕೇರಿ ತೆಗೆದಳು. ನಾನು ಪುಸ್ತಕ ಮಡಚಿ ನೋಡುತ್ತ ಕೂತಿದ್ದೆ.

“ಅವ್ವಾ, ಯಾವುದು ಚೊಲೋದು? ಕೆಳಗ ಬಿದ್ದದ್ದೊ, ಮ್ಯಾಲ ನಿಂತದ್ದೊ?”

“ರೊಟ್ಟಿ ಹಿಟ್ಟು ಸಾಣಿಸಿದರ ಕೆಳಗಿಂದು ಚೊಲೋದು. ಸಜ್ಜಕ ಸಾಣಿಸಿದರ ಮ್ಯಾಲಿಂದು ಚೊಲೋದು. ನೀ ಏನ್ ಮಾಡಾಕತ್ತಿ ಅನ್ನೂದರ ಮ್ಯಾಲ ಐತಿ ತಮ್ಮಾ. ಹಿಟ್ಟು ಹಗರ, ಗಾಳಿಗಿ ಹಾರ್ತೈತಿ. ಗೋದಿ ಹೊಟ್ಯಾಗಿನ ಗಟ್ಟಿ ಇರೂದು ರವಾದಾಗ.”

ಎದ್ದು ಹೋಗಿ ಕನ್ನಡಕ ಹಾಕಿಕೊಂಡು ಆ ಸಾಲು ಮತ್ತೆ ಓದಿದೆ. ಅಡಿಟಿಪ್ಪಣಿಯಲ್ಲಿ ಮೂಲದ ಎರಡು ಹೀಬ್ರೂ ಶಬ್ದ ಕೊಟ್ಟಿದ್ದರು: ಕೆಳಗೆ ಬೀಳುವುದು ‘ಕೇಮಖ್’, ಮೇಲೆ ಉಳಿಯುವುದು ‘ಸೋಲೆತ್’. ದೇವಾಲಯದಲ್ಲಿ ನೈವೇದ್ಯಕ್ಕೆ ಸಲ್ಲುತ್ತಿದ್ದದ್ದು ಸೋಲೆತ್. ಗೋಧಿಯ ಒಳತಿರುಳಿನ ರವೆ! ಬೀಸುವ ಕಲ್ಲಿನಲ್ಲಿ ಒಡೆದ ಗೋಧಿಯಿಂದ ಧೂಳಿನಂಥ ಹಿಟ್ಟನ್ನು ಸಾಣಿಸಿ ಕಳೆದರೆ ಉಳಿಯುವ ಗಟ್ಟಿ. ಹದಿಮೂರು ಸಾಣಿಗೆ ಯಾಕೆ ಬೇಕಾಗಿದ್ದವೆಂದು ಆಗ ಹೊಳೆಯಿತು. ಎಲ್ಲವನ್ನೂ ಹೀರುವ ಸ್ಪಂಜು ಯಾಕೆ ಮೇಲಲ್ಲವೆಂದೂ ಹೊಳೆಯಿತು. ಗುರು ಹೇಳಿದ್ದರಲ್ಲಿ ಹಗುರಾದದ್ದೂ ಇರುತ್ತದೆ. ಅದನ್ನು ತಟ್ಟಿ ತಟ್ಟಿ ಕೆಳಗೆ ಬಿಡಬೇಕು, ಭಾರ ಇದ್ದದ್ದು ಕೈಯಲ್ಲಿ ನಿಲ್ಲಬೇಕು. ಎರಡು ವರ್ಷ ನಾನು ರೊಟ್ಟಿಯ ಸಾಣಿಗೆ ಹಿಡಿದು ಸಜ್ಜಕದ ಮಾತನ್ನು ಓದುತ್ತಿದ್ದೆ. ಮಾರನೇ ದಿನ ತುಪ್ಪದಲ್ಲಿ ಹುರಿದ ಆ ರವೆಗೆ ಬೆಲ್ಲದ ನೀರು ಬಿದ್ದಾಗ ಬಂದ ಘಮವನ್ನು ಆ ಪುಟದಿಂದ ಬೇರೆ ಮಾಡಲು ನನಗೆ ಈಗ ಆಗುವುದಿಲ್ಲ.

ಆರನೆಯ ಶನಿವಾರಕ್ಕೆ ರೋಹಿಣಿ ಮಳೆಯ ಮೋಡ ಕೃಷ್ಣೆಯ ಕಡೆಯಿಂದ ಎದ್ದಿತ್ತು. ಜೋಡಿಸಿದ ಅಧ್ಯಾಯ ಅದು, ದನಿಯೇ ಬೇರೆ, ಸ್ವಲ್ಪ ಉದ್ದ ಮಾತು. ವಿದ್ಯೆ ದಕ್ಕಲು ನಲವತ್ತೆಂಟು ಗುಣ ಬೇಕೆಂದು ಅದರಲ್ಲಿ ಪಟ್ಟಿ ಇದೆ. ಹಬ್ಬದವರೆಗಿನ ದಿನಗಳಲ್ಲಿ ದಿನಕ್ಕೊಂದು ಗುಣ ಹಿಡಿದು ಮನನ ಮಾಡುವವರೂ ಇದ್ದಾರೆ. ಕಟ್ಟಕಡೆಯದು, ಒಂದು ಮಾತನ್ನು ಅದನ್ನು ಹೇಳಿದವರ ಹೆಸರು ಹಿಡಿದೇ ಹೇಳುವುದು. ನಮ್ಮ ಶರಣರು ಇದಕ್ಕೆ ಬೇರೆ ದಾರಿ ಹಿಡಿದರು. ವಚನದ ಕೊನೆಗೆ ಬರುವುದು ಕೂಡಲಸಂಗಮ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ. ಹೇಳಿದವರು ತಮ್ಮ ಹೆಸರನ್ನು ದೇವರ ಹೆಸರಿನ ಹಿಂದೆ ಇಟ್ಟುಕೊಂಡರು. ಆವೋತ್‌ನ ಹಿರಿಯರು ಹೆಸರನ್ನು ಮೊದಲಿಗೇ ಇಡುತ್ತಾರೆ, ಅಪ್ಪನ ಹೆಸರು, ಕೆಲವೊಮ್ಮೆ ಊರು, ಕಸುಬು ಸಮೇತ. ಒಂದರಲ್ಲಿ ವಿನಯ ಇದೆ, ಇನ್ನೊಂದರಲ್ಲಿ ಋಣ ಇದೆ.

ಐದನೆಯ ಅಧ್ಯಾಯಕ್ಕೆ ಹಿಂದೆ ತಿರುಗಿಸಿ, ಪ್ರಶ್ನೆಯ ಗುರುತನ್ನು ಅಳಿಸಿ, ಅದರ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಅವ್ವ ಹೇಳಿದ್ದನ್ನು ಬರೆದೆ. ಮುಂದೆ ಅವಳ ಹೆಸರು, ಅವರಪ್ಪನ ಹೆಸರು, ತವರೂರು. ಹೊರಗೆ ಒಣಹಾಕಿದ ಸಂಡಿಗೆ ಒಳಗೆ ತರುತ್ತಿದ್ದವಳು ನಿಂತು ಕೇಳಿದಳು.

“ಏನ್ ಬರದಿ?”

“ಸಾಣಿಗಿ ಮಾತು. ನಿನ್ನ ಹೆಸರೀಲೆ ಬರದೀನಿ.”

ಸಂಡಿಗೆಯ ಮರ ಕೆಳಗಿಟ್ಟು, ಪುಟದ ಮೇಲೆ ಬಗ್ಗಿ ನೋಡಿದಳು. ಓದಲು ಬರುವುದಿಲ್ಲ, ಆದರೂ ನೋಡಿದಳು.

“ನಂದಲ್ಲೋ ಅದು. ನಮ್ಮ ಅತ್ತಿ ಹೇಳಿದ್ದು, ನಾ ಈ ಮನಿಗಿ ಬಂದ ಹೊಸದಾಗ. ಮದಲ ಆಕಿ ಹೆಸರ ಬರಿ.”

ಅಂಚಿನಲ್ಲಿ ಜಾಗ ಕಡಿಮೆ ಇತ್ತು. ಅವ್ವನ ಹೆಸರಿನ ಮೇಲೆ ಅಜ್ಜಿಯ ಹೆಸರು ಬರೆದೆ. ಅದರ ಮೇಲೆ, ಪುಟದ ತುದಿಯವರೆಗೆ, ಒಂದೆರಡು ಸಾಲಿನಷ್ಟು ಖಾಲಿ ಬಿಟ್ಟೆ.